ಬಿಟ್‌ಗೂ ಬೇಕು ಕಲಾಯಿ

ಕಾರವಾರದಲ್ಲಿ ರಿಪೇರಿ ಅಂಗಡಿ ಇಟ್ಟ ಹೊಸತರಲ್ಲಿ ನಾನು ತಿಂಗಳಿಗೊಂದು ಸೋಲ್ಡರಿಂಗ್ ಬಿಟ್, ಅಂದರೆ ಬೆಸುಗೆ ಹಾಕುವ ಐರನ್ನಿನ ತುದಿ, ಹಾಳು ಮಾಡುತ್ತಿದ್ದೆ. ಜೂನ್, ಜುಲೈನಲ್ಲಿ ಇನ್ನೂ ಜಾಸ್ತಿ. ಆ 2 ತಿಂಗಳು ಯಾಂತ್ರಿಕ ಮೀನುಗಾರಿಕೆ ಬಂದ್ ಅಲ್ವಾ, ಬೈತಖೋಲದ ಬೋಟಿನವರು ವೈರ್‌ಲೆಸ್ ಸೆಟ್, ಜಿಪಿಎಸ್ ಎಲ್ಲ ಒಟ್ಟಿಗೇ ತಂದು ಸುರಿಯುತ್ತಾರೆ. ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿದ ಬೋರ್ಡುಗಳು. ಬೆಳಿಗ್ಗೆ ಹಾಕಿದ ಐರನ್ ಆರಿಸುವುದು ರಾತ್ರಿಯೇ.

ಬಿಟ್ ಕಪ್ಪಾಗುತ್ತಿತ್ತು. ಸೋಲ್ಡರ್ (ತವರ-ಸೀಸದ ಬೆಸುಗೆ ತಂತಿ) ತಾಗಿಸಿದರೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿ ಬೀಳುತ್ತಿತ್ತು. ನಾನು ಅರ ತಗೊಂಡು ಉಜ್ಜಿದೆ. ತಾಮ್ರ ಫಳಫಳ ಹೊಳೆಯಿತು, ಖುಷಿಯೋ ಖುಷಿ. ನಾಲ್ಕೇ ದಿನಕ್ಕೆ ತುದಿಯಲ್ಲಿ ಹುಳುಕು ಹಲ್ಲಿನಂಥ ಗುಳಿ! ಬಿಟ್‌ನ ಒಳಗೆ ತಾಮ್ರ, ಮೇಲೆ ತೆಳ್ಳಗೆ ಕಬ್ಬಿಣದ ಲೇಪ. ಕರಗಿದ ಸೋಲ್ಡರಿನ ತವರ ತಾಮ್ರವನ್ನು ತಿನ್ನುತ್ತದೆ. ಅದನ್ನು ತಡೆಯುವ ಕಬ್ಬಿಣವನ್ನೇ ನಾನು ಅರದಿಂದ ಕೆರೆದು ತೆಗೆದಿದ್ದೆ. ಹಳೇ ಕಾಲದ ಬರೀ ತಾಮ್ರದ ಬಿಟ್ ಆದರೆ ಅರ ಹಾಕಬಹುದು, ಇದಕ್ಕೆ ಕೂಡದು.

ಆಮೇಲೊಂದು ದಿನ ಅಮ್ಮನ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಲು ಹೋಗಿದ್ದೆ. ಕಲಾಯಿಯವರು ಪಾತ್ರೆ ಕಾಯಿಸಿ, ನವಸಾಗರ (ಅಮೋನಿಯಂ ಕ್ಲೋರೈಡ್) ಎರಚಿ, ಬಿಳಿ ಹೊಗೆ ಏಳುವಾಗಲೇ ತವರ ತಾಗಿಸಿ ಅರಿವೆಯಿಂದ ಎಳೆದರು. ತವರ ಕನ್ನಡಿಯಂತೆ ಹರಡಿತು. "ತಡ ಮಾಡಿದ್ರೆ ಕಪ್ಪಾಗ್ತದೆ ತಮ್ಮಾ, ಆಮೇಲೆ ಹಿಡೀದಿಲ್ಲ" ಅಂದರು. ಅರೆ, ನನ್ನ ಬಿಟ್‌ನ ಕಥೆಯೂ ಇದೇ ಅಲ್ವಾ!

ಈಗ ಐರನ್ ಕಾಯುವಾಗ ಸೋಲ್ಡರ್ ವೈರನ್ನು ತುದಿಗೆ ಹಿಡಿದೇ ಇರುತ್ತೇನೆ. 60/40 ಸೋಲ್ಡರ್ (60 ಪಾಲು ತವರ, 40 ಪಾಲು ಸೀಸ) 190 ಡಿಗ್ರಿ ಹತ್ತಿರ ಕರಗುತ್ತದೆ, ಕರಗಿದ ಕೂಡಲೇ ಗಾಳಿ ತಾಗದಂತೆ ತುದಿಯನ್ನು ಮುಚ್ಚಿಬಿಡುತ್ತದೆ. ಐರನ್ನಿನ ಬಿಸಿ ಹೊಂದಿಸುವ ಸ್ಟೇಷನ್ನಿನಲ್ಲಿ 330ರಿಂದ 350 ಡಿಗ್ರಿ ಸಾಕು. ಸುಮ್ನೆ 400 ದಾಟಿಸಿದರೆ ಬಿಟ್ ಬೇಗ ಕಪ್ಪಾಗುತ್ತದೆ, ಸೋಲ್ಡರ್ ಹಿಡಿಯಲು ನೆರವಾಗುವ ಫ್ಲಕ್ಸ್ ಕೂಡ ಸುಟ್ಟು ಕರಕಲು. ಒರೆಸಲು ಹಿತ್ತಾಳೆ ನಾರು. ಪಾತ್ರೆ ತಿಕ್ಕುವ ಸ್ಟೀಲ್ ನಾರು ಬೇಡ, ಲೇಪ ಕೆರೆಯುತ್ತದೆ. ಸ್ಪಂಜ್ ಆದರೆ ಚೆನ್ನಾಗಿ ಹಿಂಡಿ, ನೀರು ಸೋರಬಾರದು. ಒರೆಸುವುದು ಕೆಲಸ ಶುರು ಮಾಡುವ ಮುಂಚೆ, ಸ್ಟ್ಯಾಂಡಿಗೆ ಇಡುವ ಮುಂಚೆ ಅಲ್ಲ. ಚಹಾಕ್ಕೆ ಹೋಗುವುದಾದರೆ ಆರಿಸಿಯೇ ಹೋಗುತ್ತೇನೆ.

ಆದರೂ ಕಪ್ಪಾಯಿತೇ? ಮೊದಲು ಫ್ಲಕ್ಸ್ ಮತ್ತು ಹೊಸ ಸೋಲ್ಡರ್, ಒರೆಸು, ಮತ್ತೆ ಸೋಲ್ಡರ್. ಮೂರ್ನಾಲ್ಕು ಸಲಕ್ಕೂ ಬಗ್ಗದಿದ್ದರೆ ನವಸಾಗರದ ಗಟ್ಟಿ. ಬಿಸಿ ಬಿಟ್ ಅದರ ಮೇಲೆ ಎರಡು ಸಲ ಉಜ್ಜಿ, ತಕ್ಷಣ ಸೋಲ್ಡರ್ ಹಚ್ಚಿ ಒರೆಸುತ್ತೇನೆ. ಕಿಟಕಿ ತೆರೆದಿರಲಿ, ಆ ಹೊಗೆ ಗಂಟಲು ಕೆರೆಯುತ್ತದೆ. ಅದರ ಪುಡಿ ಬೋರ್ಡಿಗೆ ಬಿದ್ದರೆ ಅಲ್ಲೂ ಕಿಲುಬು, ಆದ್ದರಿಂದ ಗಟ್ಟಿಯನ್ನು ಬೇರೆ ಮೂಲೆಯಲ್ಲಿಟ್ಟಿದ್ದೇನೆ.

ರಾತ್ರಿ ಆರಿಸುವಾಗ ತುದಿಗೆ ದಪ್ಪಗೆ ಸೋಲ್ಡರ್ ಮೆತ್ತಿ ಹಾಗೇ ಬಿಡುತ್ತೇನೆ. ನೋಡಲು ಗಲೀಜು. ಅಂಗಡಿಯ ಹುಡುಗನಿಗೆ ಅದು ಸಹಿಸುವುದಿಲ್ಲ, ಚೊಕ್ಕ ಒರೆಸಿ ಆರಿಸುತ್ತಾನೆ. ನಾನು ಮತ್ತೆ ಸ್ವಿಚ್ ಹಾಕಿ, ಕಾಯಿಸಿ, ಸೋಲ್ಡರ್ ಮೆತ್ತಿಯೇ ಬಾಗಿಲು ಹಾಕುವುದು.