ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಮೊದಲು ಒಳಮಗ್ಗುಲು ನೋಡಿ

ಸಿಂದಗಿ ಕಡೆ ನಮ್ಮ ಹೊಲದಲ್ಲಿ ತೊಗರಿ ರಾಶಿ ನಡೆದಿತ್ತು. ನಾಲ್ಕು ದಿನ ಕಾರು ಊರಿಗೂ ಹೊಲಕ್ಕೂ ಓಡಾಡಿತು. ವಿಜಯಪುರಕ್ಕೆ ವಾಪಸ್ ಬಂದ ಮೇಲೆ ಸುಮ್ನೆ ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ. ಫಿಲ್ಟರಿನ ಕೆಳಗೆ ತೊಗರಿ ಹೊಟ್ಟು, ಎರೆಮಣ್ಣಿನ ಪುಡಿ. ಅದು ಇರೋದೇ, ಅದಕ್ಕೇ ಅಲ್ವಾ ಫಿಲ್ಟರ್ ಇರೋದು. ಆದರೆ ಮೇಲಿನ ಮುಚ್ಚಳದ ಒಳಗೆ, ಅಂದರೆ ಸೋಸಿದ ಗಾಳಿ ಎಂಜಿನ್ನಿಗೆ ಹೋಗುವ ಕಡೆ, ಬೆರಳು ಎಳೆದರೆ ಗೆರೆ ಮೂಡುವಷ್ಟು ಧೂಳು ಕೂತಿತ್ತು. ಎದೆ ಧಸಕ್ ಅಂತು. ನೋಡಿದರೆ ಹಿಂದಿನ ಸರ್ವೀಸಿನಲ್ಲಿ ಡಬ್ಬಿಯ ಒಂದು ಕ್ಲಿಪ್ ಹಾಕೋದನ್ನೇ ಮರೆತಿದ್ದರು. ಕೈ ಸುಲಭವಾಗಿ ಹೋಗದ ಹಿಂದಿನ ಮೂಲೆಯ ಕ್ಲಿಪ್ಪು, ಎಲ್ಲರೂ ಮರೆಯೋದು ಅದನ್ನೇ.

ಒಂದು ಲೀಟರ್ ಪೆಟ್ರೋಲ್ ಸುಡೋಕೆ ಎಂಜಿನ್ನಿಗೆ ಸುಮಾರು 9,000 ಲೀಟರ್ ಗಾಳಿ ಬೇಕು. ಅಷ್ಟು ಗಾಳಿ ಆ ಒಂದು ಮಡಚಿದ ಕಾಗದದಿಂದಲೇ ಸೋಸಿ ಹೋಗಬೇಕು. ಪಕ್ಕದಲ್ಲಿ ಕೂದಲೆಳೆಯಷ್ಟು ಸಂದಿ ಸಿಕ್ಕರೂ ಧೂಳು ಅಲ್ಲಿಂದ ನುಗ್ಗುತ್ತದೆ, ಎಣ್ಣೆಗೆ ಸೇರಿ ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆಯನ್ನು ಸಾಣೆಕಲ್ಲಿನ ಹಾಗೆ ತೇಯುತ್ತದೆ. ಕೊಳೆಯಾದ ಫಿಲ್ಟರಿಗಿಂತ ಸರಿಯಾಗಿ ಕೂರದ ಫಿಲ್ಟರ್ ಅಪಾಯ ಅಂತ ನಾನು ಹೇಳೋದು ಇದಕ್ಕೇ.

ಈಗ ಕೆಲಸಕ್ಕೆ ಬರೋಣ. ಎಂಜಿನ್ ತಣ್ಣಗಿರಲಿ, ಕೀಲಿ ಜೇಬಿನಲ್ಲಿರಲಿ. ಮೊದಲು ಡಬ್ಬಿಯ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಮುಚ್ಚಳ ಎತ್ತಿದ ಕೂಡಲೇ ಮೇಲಿನ ಧೂಳೆಲ್ಲ ಒಳಗೆ ಬೀಳುತ್ತದೆ. ಕ್ಲಿಪ್ ಅಥವಾ ಸ್ಕ್ರೂ ಬಿಚ್ಚಿ. ಮುಚ್ಚಳಕ್ಕೆ ಸೆನ್ಸರ್ ವೈರ್ ಇದ್ದರೆ ಜಗ್ಗಬೇಡಿ, ಲಾಕ್ ಒತ್ತಿ ಮೆಲ್ಲಗೆ ಬಿಡಿಸಿ. ಫಿಲ್ಟರ್ ಯಾವ ಮುಖ ಮೇಲಿತ್ತು ಅಂತ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ.

ಫಿಲ್ಟರನ್ನು ಜೋರಾಗಿ ನೆಲಕ್ಕೆ ಬಡಿಯಬೇಡಿ, ಕಾಗದದ ಮಡಿಕೆ ಹರಿಯುತ್ತದೆ. ಕೊಳೆ ಮುಖ ಕೆಳಗೆ ಮಾಡಿ ಅಂಗೈ ಮೇಲೆ ತಟ್ಟಿದರೆ ಹೊಟ್ಟು, ಹುಳ, ಮಣ್ಣು ಉದುರುತ್ತವೆ. ನಮ್ಮಲ್ಲಿ ಎಲ್ಲರೂ ಮಾಡೋದು ಏನೆಂದರೆ ಪಂಕ್ಚರ್ ಅಂಗಡಿಗೆ ಒಯ್ದು ಪೂರ್ತಿ ಪ್ರೆಶರ್ ಗಾಳಿ ಹೊಡೆಸೋದು. ಎರಡು ತಪ್ಪು ಇದರಲ್ಲಿವೆ. ಜೋರು ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತವೆ, ಇನ್ನೊಂದು, ಕಂಪ್ರೆಸರ್ ಟ್ಯಾಂಕಿನ ನೀರು ಕಾಗದದ ಮೇಲೆ ಎರಚುತ್ತದೆ. ಗಾಳಿ ಹಿಡಿಯಲೇಬೇಕು ಅಂದರೆ ಪ್ರೆಶರ್ ಕಡಿಮೆ ಇರಲಿ, ಒಂದು ಗೇಣು ದೂರದಿಂದ, ಸ್ವಚ್ಛ ಮಗ್ಗುಲಿನಿಂದ ಕೊಳೆ ಮಗ್ಗುಲಿನ ಕಡೆಗೆ. ಕಾಗದದ ಫಿಲ್ಟರನ್ನು ನೀರಿನಲ್ಲಿ ಯಾವತ್ತೂ ತೊಳೆಯಬೇಡಿ.

ಆಮೇಲೆ ಕತ್ತಲ ಕೋಣೆಯಲ್ಲಿ ಫಿಲ್ಟರ್ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಮಡಿಕೆಗಳಲ್ಲಿ ಬೆಳಕು ಮಂದವಾಗಿ, ಒಂದೇ ಸಮನಾಗಿ ಕಂಡರೆ ಇನ್ನೂ ಸ್ವಲ್ಪ ದಿನ ನಡೆಯುತ್ತದೆ. ಏನೂ ಕಾಣದಿದ್ದರೆ ಹೊಸದು ತನ್ನಿ. ಸೂಜಿಮೊನೆಯಷ್ಟು ಚುಕ್ಕೆ ಚುಕ್ಕೆ ಬೆಳಕು ಬಂತೋ, ಅದು ಹರಿದಿದೆ, ಎಷ್ಟೇ ಹೊಸದಿದ್ದರೂ ಬಿಸಾಡಿ. ಸುತ್ತಲಿನ ರಬ್ಬರ್ ಅಂಚನ್ನು ಬೆರಳಿಂದ ಒತ್ತಿ ನೋಡಿ. ಮೆತ್ತಗಿರಬೇಕು. ಗಟ್ಟಿಯಾಗಿದ್ದರೆ, ಬಿರುಕಿದ್ದರೆ ಅಲ್ಲೇ ಧೂಳಿನ ದಾರಿ. ಆ ಅಂಚಿನ ಮೇಲೆ ಅಡ್ಡ ಹಾದುಹೋದ ಮಣ್ಣಿನ ಗೆರೆ ಕಂಡರೆ ಗಾಳಿ ಎಲ್ಲಿಂದ ತಪ್ಪಿಸಿಕೊಂಡು ಹೋಗುತ್ತಿದೆ ಅಂತ ಗೊತ್ತಾಗಿಬಿಡುತ್ತದೆ. ನನ್ನ ಕಾರಿನಲ್ಲಿ ಗೆರೆ ಇದ್ದದ್ದು ಸರಿಯಾಗಿ ಆ ಬಿಟ್ಟುಹೋದ ಕ್ಲಿಪ್ಪಿನ ಹತ್ತಿರ.

ಡಬ್ಬಿಯ ಕೆಳಭಾಗ ಒರೆಸುವಾಗ ಎಂಜಿನ್ ಕಡೆ ಹೋಗುವ ಬಾಯಿಗೆ ಒಂದು ದೊಡ್ಡ ಸ್ವಚ್ಛ ಬಟ್ಟೆ ತುರುಕಿ. ಆಮೇಲೆ ಅದನ್ನು ತೆಗೆಯೋಕೆ ಮರೆಯಬೇಡಿ, ನಗಬೇಡಿ, ಮರೆತವರಿದ್ದಾರೆ. ಹೊರಗಿನ ಗಾಳಿ ಬರುವ ಕೊಳವೆಯಲ್ಲೂ ಟಾರ್ಚ್ ಬಿಟ್ಟು ನೋಡಿ. ಹೊಲದ ಮನೆ ಹತ್ತಿರ ಕಾರು ನಿಲ್ಲಿಸುವವರಿಗೆ ಅಲ್ಲಿ ಶೇಂಗಾ ಸಿಪ್ಪೆ, ಜೋಳದ ತೆನೆ, ಇಲಿ ಗೂಡು ಸಿಕ್ಕರೆ ಆಶ್ಚರ್ಯವಿಲ್ಲ. ಗೂಡು ಸಿಕ್ಕರೆ ಹತ್ತಿರದ ವೈರುಗಳನ್ನೂ ಒಮ್ಮೆ ನೋಡಿಬಿಡಿ.

ಡಬ್ಬಿಯಿಂದ ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಕವಾಟ) ತನಕ ಹೋಗುವ ಸುಕ್ಕು ಸುಕ್ಕಾದ ರಬ್ಬರ್ ಪೈಪನ್ನು ಕೈಯಿಂದ ಬಾಗಿಸಿ ನೋಡಿ. ಬಿರುಕು ಸುಕ್ಕಿನ ಒಳಗೇ ಅಡಗಿರುತ್ತದೆ, ನೇರವಾಗಿದ್ದಾಗ ಕಾಣುವುದಿಲ್ಲ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ರಬ್ಬರ್ ಬೇಗ ಒಣಗುತ್ತದೆ. ಎರಡೂ ತುದಿಯ ಕ್ಲ್ಯಾಂಪ್ ಬಿಗಿಯಿರಲಿ. ಟರ್ಬೊ ಡೀಸೆಲ್ ಗಾಡಿಯಲ್ಲಿ ಪೈಪಿನ ಒಳಗೆ ತೆಳ್ಳಗೆ ಎಣ್ಣೆ ಪಸೆ ಇರೋದು ಮಾಮೂಲಿ, ಎಣ್ಣೆ ನಿಂತಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಪೆಟ್ರೋಲ್ ಗಾಡಿಯ ಥ್ರಾಟಲ್ ತಟ್ಟೆಯ ಅಂಚಿಗೆ ಕಪ್ಪು ಮಸಿ ಕಟ್ಟಿದ್ದರೆ ಥ್ರಾಟಲ್ ಕ್ಲೀನರನ್ನು ಬಟ್ಟೆಗೆ ಹೊಡೆದು ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ತಟ್ಟೆಯನ್ನು ಬೆರಳಿಂದ ಬಲವಂತವಾಗಿ ತಳ್ಳಬೇಡಿ, ಒಳಗಿನ ಹಲ್ಲಿನ ಚಕ್ರಗಳು ಹಾಳಾಗಬಹುದು. ಗಾಳಿ ಅಳೆಯುವ ಸೆನ್ಸರಿನ ತಂತಿ ಕೂದಲಿನಷ್ಟು ಸಣ್ಣದು. ಅದಕ್ಕೆ ಬಟ್ಟೆ, ಬ್ರಷ್ ಯಾವುದೂ ಬೇಡ, ಅದಕ್ಕೆಂದೇ ಮಾರುವ ಸ್ಪ್ರೇ ಮಾತ್ರ ಹೊಡೆದು ಪೂರ್ತಿ ಒಣಗಲು ಬಿಡಿ. ಡೀಸೆಲ್ ಎಂಜಿನ್ ಓಡುತ್ತಿರುವಾಗ ಅದರ ಬಾಯಿಗೆ ಯಾವ ಸ್ಪ್ರೇಯನ್ನೂ ಹೊಡೆಯಬೇಡಿ. ಅದನ್ನೇ ಇಂಧನ ಮಾಡಿಕೊಂಡು ಎಂಜಿನ್ ಹುಚ್ಚೆದ್ದು ಓಡಬಹುದು, ಕೀಲಿ ತಿರುಗಿಸಿದರೂ ನಿಲ್ಲುವುದಿಲ್ಲ.

ಜೋಡಿಸುವಾಗ ಫಿಲ್ಟರಿನ ನಾಲ್ಕೂ ಮೂಲೆ ಡಬ್ಬಿಯಲ್ಲಿ ಸರಿಯಾಗಿ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ. ಹಿಂದಿನ ಕ್ಲಿಪ್ ಮೊದಲು ಹಾಕಿ, ಆಮೇಲೆ ಮುಂದಿನವು. ಸೆನ್ಸರ್ ವೈರ್ ಟಕ್ ಅನ್ನಬೇಕು. ಸ್ಟಾರ್ಟ್ ಮಾಡಿ ಪೈಪಿನ ಹತ್ತಿರ ಕಿವಿ ಕೊಡಿ, ಆದರೆ ಬೆಲ್ಟ್, ಫ್ಯಾನಿನಿಂದ ದೂರ ಇರಿ. ಸುಸ್ ಅಂತ ಸದ್ದು ಬಂದರೆ ಎಲ್ಲೋ ಗಾಳಿ ಎಳೆಯುತ್ತಿದೆ.

ಸರ್ವೀಸ್ ಬುಕ್ಕಿನ ಕಿಲೋಮೀಟರ್ ಲೆಕ್ಕ ಡಾಂಬರು ರಸ್ತೆಗೆ. ಧೂಳಿನಲ್ಲಿ ಓಡುವ ಗಾಡಿಗೆ ಬೇಗ ಬದಲಿಸಿ ಅಂತ ಹೆಚ್ಚಿನ ಬುಕ್ಕುಗಳಲ್ಲೇ ಬರೆದಿರುತ್ತಾರೆ, ನಾವು ಓದೋದಿಲ್ಲ ಅಷ್ಟೆ. ರಾಶಿ ಮುಗಿದ ಮೇಲೆ ಒಮ್ಮೆ, ಜಮಖಂಡಿ, ಮುಧೋಳದ ಕಡೆಯವರಾದರೆ ಕಬ್ಬಿನ ಸೀಸನ್ ಮುಗಿದ ಮೇಲೆ ಒಮ್ಮೆ ನೋಡಿ. ಹೊಸ ಫಿಲ್ಟರ್ ಹಾಕಿದ ದಿನ ಮುಚ್ಚಳದ ಮೇಲೆ ಮಾರ್ಕರಿನಿಂದ ತಾರೀಖು, ಕಿಲೋಮೀಟರ್ ಬರೆದಿಡಿ. ನಾನು ಬರೆಯೋದನ್ನು ನೋಡಿ ನಮ್ಮ ಕಾಕಾ, "ಇದೇನೋ, ಉಪ್ಪಿನಕಾಯಿ ಭರಣಿಗೆ ಚೀಟಿ ಅಂಟಿಸಿದಂಗ ಆತಲ್ಲೋ" ಅಂತ ನಕ್ಕರು. ಮರುದಿನ ತಮ್ಮ ಜೀಪಿನ ಬಾನೆಟ್ ಎತ್ತಿಕೊಂಡು ಅದೇ ಮಾರ್ಕರ್ ಕೇಳಿದರು.