ವಿಮಾನದ ದೂರ, ಅವಧಿ: ಪೆನ್ಸಿಲ್ ಹಿಡಿದು ನೀವೇ ಲೆಕ್ಕ ಹಾಕಿ

ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ ಹೊರಟರೆ 2,100 ಕಿಲೋಮೀಟರಿಗೂ ಹೆಚ್ಚು. ಆಕಾಶದ ಹಾದಿ ಅದಕ್ಕಿಂತ ಸುಮಾರು 400 ಕಿ.ಮೀ. ಕಡಿಮೆ. ಶಾಲೆಯಲ್ಲಿ ಕಲಿತ ಅಕ್ಷಾಂಶ, ರೇಖಾಂಶ ನೆನಪಿದ್ದರೆ ಸಾಕು, ಈ ದೂರವನ್ನು ಐದು ನಿಮಿಷದಲ್ಲಿ ಕಂಡುಹಿಡಿಯಬಹುದು. ಮನೆಯಲ್ಲಿ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಭೂಗೋಳದ ಪಾಠ ಇಷ್ಟು ಸಲೀಸಾಗಿ ಕೆಲಸಕ್ಕೆ ಬರುವುದು ಅಪರೂಪ.

ಮೊದಲು ಮೊಬೈಲ್ ನಕ್ಷೆಯಲ್ಲಿ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಸಂಖ್ಯೆಗಳು ಕಾಣುತ್ತವೆ. ಬರೀ ಊರಿನ ಹೆಸರು ಹುಡುಕಿದರೆ ಲೆಕ್ಕ ತಪ್ಪುತ್ತದೆ. ಮೆಜೆಸ್ಟಿಕ್‌ನಿಂದ ದೇವನಹಳ್ಳಿ ಬಳಿಯ ನಿಲ್ದಾಣಕ್ಕೇ ರಸ್ತೆಯಲ್ಲಿ 30 ಕಿ.ಮೀ.ಗೂ ಹೆಚ್ಚು. ಕೆಂಪೇಗೌಡ ನಿಲ್ದಾಣದ ಅಕ್ಷಾಂಶ 13.20, ರೇಖಾಂಶ 77.71. ದೆಹಲಿಯ ಇಂದಿರಾ ಗಾಂಧಿ ನಿಲ್ದಾಣದ್ದು 28.56 ಮತ್ತು 77.10.

ರೇಖಾಂಶಗಳು ಹೆಚ್ಚುಕಡಿಮೆ ಒಂದೇ. ಅಂದರೆ ದೆಹಲಿ ನಮಗೆ ನೇರ ಉತ್ತರಕ್ಕಿದೆ. ಹಾಗಾಗಿ ಅಕ್ಷಾಂಶಗಳನ್ನಷ್ಟೇ ಕಳೆಯಿರಿ: 15.36. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿ.ಮೀ. ಗುಣಿಸಿದರೆ 1,705 ಕಿ.ಮೀ. ಕಂಪ್ಯೂಟರ್ ಕೊಡುವ ಉತ್ತರ ಇದಕ್ಕಿಂತ ಐದಾರು ಕಿ.ಮೀ. ಆಚೀಚೆ ಇರಬಹುದು, ಅಷ್ಟೇ.

ಊರುಗಳು ಓರೆಯಾಗಿದ್ದರೆ ಇನ್ನೊಂದು ಹೆಜ್ಜೆ ಬೇಕು. ಮಂಗಳೂರಿನ ಬಜಪೆಯಿಂದ (12.96, 74.89) ದುಬೈಗೆ (25.25, 55.36) ಹೋಗುವವರನ್ನೇ ತೆಗೆದುಕೊಳ್ಳಿ. ಅಕ್ಷಾಂಶದ ವ್ಯತ್ಯಾಸ 12.29, ಅದನ್ನು 111ರಿಂದ ಗುಣಿಸಿ. ರೇಖಾಂಶದ ವ್ಯತ್ಯಾಸ 19.53, ಧ್ರುವದತ್ತ ಹೋದಂತೆ ರೇಖಾಂಶಗಳು ಒತ್ತೊತ್ತಾಗುವುದರಿಂದ ಇಲ್ಲಿ 105 ಹಿಡಿಯಿರಿ. ಬಂದ ಎರಡನ್ನೂ ಲಂಬಕೋನ ತ್ರಿಭುಜದ ಬಾಹುಗಳೆಂದುಕೊಂಡು ಪೈಥಾಗೊರಸ್ ಪ್ರಮೇಯ ಹಾಕಿದರೆ ಕರ್ಣ ಸುಮಾರು 2,460 ಕಿ.ಮೀ. ಅಮೆರಿಕದಷ್ಟು ದೂರಕ್ಕೆ ಈ ವಿಧಾನ ನಡೆಯದು. ಅದಕ್ಕೆ ಗೋಳದ ಮೇಲೆ ದಾರ ಎಳೆದು ನೋಡಿ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ದಾರ ಆರ್ಕ್ಟಿಕ್ ವೃತ್ತವನ್ನೂ ದಾಟಿ ಉತ್ತರಕ್ಕೆ ಹೋಗಿ ಇಳಿಯುತ್ತದೆ. ದೂರ ಸುಮಾರು 14,000 ಕಿ.ಮೀ. ಗೋಡೆಯ ನಕ್ಷೆ ನೋಡಿ ಬೆಳೆದವರಿಗೆ ಇದು ನಿಜಕ್ಕೂ ಅಚ್ಚರಿ.

ಇನ್ನು ಅವಧಿ. ಎ320, ಬೋಯಿಂಗ್ 737ರಂಥ ವಿಮಾನಗಳು ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ಸಾಗುತ್ತವೆ. 1,705ನ್ನು ಅದರಿಂದ ಭಾಗಿಸಿದರೆ ಎರಡು ಗಂಟೆ ಮೂರು ನಿಮಿಷ. ಏರುವಾಗ, ಇಳಿಯುವಾಗ ವೇಗ ಕಡಿಮೆ, ದಾರಿಯೂ ಗೆರೆ ಎಳೆದಷ್ಟು ನೇರವಲ್ಲ. 20 ನಿಮಿಷ ಸೇರಿಸಿ. ಟಿಕೆಟ್‌ನಲ್ಲಿರುವ ಅವಧಿ ಇದಕ್ಕಿಂತಲೂ ಹೆಚ್ಚಿರುತ್ತದೆ. ವಿಮಾನವನ್ನು ಹಿಂದಕ್ಕೆ ತಳ್ಳಿದ ಕ್ಷಣದಿಂದ ಅತ್ತ ಕಡೆ ಪೂರ್ತಿ ನಿಲ್ಲುವವರೆಗಿನ ಸಮಯವೆಲ್ಲ ಅದರಲ್ಲಿ ಬರುತ್ತದೆ. ನೆಲದ ಮೇಲಿನ ಓಡಾಟಕ್ಕೆ ಇನ್ನೂ 20–25 ನಿಮಿಷ ಕೂಡಿಸಿದರೆ ಎರಡೂಮುಕ್ಕಾಲು ಗಂಟೆ. ದೆಹಲಿಯಲ್ಲಿ ಮುಂದಿನ ವಿಮಾನ ಹಿಡಿಯುವವರು ಟಿಕೆಟ್‌ನ ಅವಧಿಯನ್ನೇ ನಂಬಬೇಕು. ಡಿಸೆಂಬರ್, ಜನವರಿಯ ಮಂಜಿನ ಮುಂಜಾನೆಗಳಲ್ಲಿ ಅದೂ ಸಾಲದು.

ವಿದೇಶಕ್ಕಾದರೆ ಗಡಿಯಾರದ ವ್ಯತ್ಯಾಸವನ್ನು ಮರೆಯಬೇಡಿ. ಎರಡೂ ಕಡೆ ಸ್ಥಳೀಯ ಸಮಯವನ್ನೇ ಮುದ್ರಿಸುತ್ತಾರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಮಂಗಳೂರಿನಿಂದ ಬೆಳಿಗ್ಗೆ 8ಕ್ಕೆ ಹೊರಟು 10.20ಕ್ಕೆ ತಲುಪುವುದೆಂದಿದ್ದರೆ ಪ್ರಯಾಣ ಎರಡು ಗಂಟೆ ಇಪ್ಪತ್ತು ನಿಮಿಷದ್ದಲ್ಲ, ಮೂರು ಗಂಟೆ ಐವತ್ತು ನಿಮಿಷದ್ದು. ಮರಳುವಾಗ ಅದೇ ಒಂದೂವರೆ ಗಂಟೆಯನ್ನು ಕಳೆಯಬೇಕು. ಚಳಿಗಾಲದಲ್ಲಿ ಎತ್ತರದ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಆ ಹಾದಿ ಇನ್ನಷ್ಟು ಬೇಗ ಸಾಗುತ್ತದೆ.