ಹಳೆಯ ವಿಡಿಯೋ ಗೇಮ್ ಮಶೀನ್‌ನ ಆಟವನ್ನು ಕಂಪ್ಯೂಟರ್‌ನಲ್ಲಿ ರೆಕಾರ್ಡ್ ಮಾಡುವುದು ಹೇಗೆ?

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನನ್ನ ಸೋದರಮಾವನ ವಿಡಿಯೋ ಗೇಮ್ ಪಾರ್ಲರ್ ಇತ್ತು. ಪಕ್ಕದಲ್ಲೇ ಉಡುಪಿ ಹೋಟೆಲ್. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಹೋಟೆಲಿನ ಹುಡುಗರು ಓಡಿ ಬರುತ್ತಿದ್ದರು. ಸಂಜೆ ಚಹಾದ ಹೊತ್ತಿಗೆ ಮತ್ತೆ ಕೆಲಸಕ್ಕೆ ವಾಪಸ್. ಹೈಸ್ಕೋರ್ ಬಂದರೆ ಪಟ್ಟಿಯಲ್ಲಿ ಮೂರು ಇಂಗ್ಲಿಷ್ ಅಕ್ಷರ ಬರೆಯಬಹುದಿತ್ತು. ರಾತ್ರಿ ಮಾವ ಮೇನ್ ಸ್ವಿಚ್ ಆರಿಸಿದರೆ ಆ ಹೆಸರುಗಳೂ ಅಳಿದು ಹೋಗುತ್ತಿದ್ದವು. ಮಶೀನ್ ಒಳಗೆ ಆಟ ನಡೆಸುವ ಸರ್ಕ್ಯೂಟ್ ಬೋರ್ಡ್‌ಗಳು ಆ ಕಾಲದಲ್ಲಿ ಎಷ್ಟೋ ಹೀಗೆಯೇ. ಕರೆಂಟ್ ಇರುವ ತನಕ ಮಾತ್ರ ನೆನಪು.

ಪಾರ್ಲರ್ ಮುಚ್ಚಿ ಬಹಳ ವರ್ಷವಾಯಿತು. ಒಂದೇ ಒಂದು ಮಶೀನ್ ಉಳಿದಿದೆ, 1991ರ ಸ್ಟ್ರೀಟ್ ಫೈಟರ್ 2 ಎಂಬ ಹೊಡೆದಾಟದ ಆಟ. ಕಳೆದ ದೀಪಾವಳಿಗೆ ಹಳೆಯ ಹುಡುಗರು ನಾಲ್ಕು ಜನ ಮಾವನ ಮನೆಗೆ ಬರುತ್ತೇವೆ ಅಂದರು. ಅವರ ಆಟವನ್ನು ರೆಕಾರ್ಡ್ ಮಾಡಿ ಇಡಬೇಕು ಅಂತ ನನಗೆ ಬಹಳ ಆಸೆಯಿತ್ತು. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊಬೈಲ್ ಹಿಡಿದು ಶೂಟ್ ಮಾಡಿದರೆ ಸಾಕಲ್ವಾ ಅನ್ನಿಸಬಹುದು. ಸಾಲದು. ಹಳೆಯ ಟ್ಯೂಬ್ ಪರದೆಯ ವೇಗಕ್ಕೂ ಕ್ಯಾಮೆರಾದ ವೇಗಕ್ಕೂ ತಾಳ ಕೂಡುವುದಿಲ್ಲ. ವಿಡಿಯೋದಲ್ಲಿ ಕಪ್ಪು ಪಟ್ಟಿಗಳು ಉರುಳುತ್ತಿರುತ್ತವೆ. ಚಿತ್ರವನ್ನು ಬೋರ್ಡ್‌ನ ತಂತಿಯಿಂದಲೇ ತೆಗೆಯಬೇಕು.

ಮೊದಲು ಎಚ್ಚರಿಕೆ

ಮಶೀನ್ ಒಳಗಿನ ಮಾನಿಟರ್ ಮುಟ್ಟಬೇಡಿ. ಪಿಕ್ಚರ್ ಟ್ಯೂಬ್‌ನಲ್ಲಿ 20,000 ವೋಲ್ಟ್‌ಗೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ಎಷ್ಟೋ ಆರ್ಕೇಡ್ (ಪಾರ್ಲರ್ ಮಶೀನ್) ಮಾನಿಟರ್‌ಗಳ ಸರ್ಕ್ಯೂಟಿನ ಗ್ರೌಂಡ್ ನೇರವಾಗಿ ಮನೆಯ ಕರೆಂಟಿಗೇ ಸೇರಿಕೊಂಡಿರುತ್ತದೆ. ಅಲ್ಲಿಂದ ತಂತಿ ಎಳೆದು ಲ್ಯಾಪ್‌ಟಾಪ್‌ಗೆ ಕೊಟ್ಟರೆ ಲ್ಯಾಪ್‌ಟಾಪ್ ಮಾತ್ರವಲ್ಲ, ಜೀವವೂ ಹೋದೀತು. ನಮ್ಮ ಕೆಲಸ ಏನಿದ್ದರೂ ಗೇಮ್ ಬೋರ್ಡ್‌ನ ಬದಿಯಲ್ಲಿ. ಅದನ್ನೂ ಪ್ಲಗ್ ಕಿತ್ತೇ ಮಾಡಬೇಕು.

ತಂತಿ ಎಲ್ಲಿಂದ ತೆಗೆಯುವುದು?

1985ರ ನಂತರದ ಬಹುಪಾಲು ಬೋರ್ಡ್‌ಗಳಲ್ಲಿ ಜಾಮಾ ಅನ್ನುವ ಒಂದೇ ಬಗೆಯ ಕನೆಕ್ಟರ್ ಇದೆ. ಜಪಾನಿನ ತಯಾರಕರ ಸಂಘ ಮಾಡಿದ ನಿಯಮ ಅದು. ಒಟ್ಟು 56 ಪಿನ್, ಒಂದೊಂದು ಬದಿಗೆ 28. ಬಿಡಿಭಾಗಗಳಿರುವ ಬದಿಗೆ ಅಂಕಿ, ಬೆಸುಗೆಯ ಬದಿಗೆ ಇಂಗ್ಲಿಷ್ ಅಕ್ಷರ. ನಮಗೆ ಬೇಕಾದದ್ದು ಐದೇ. 12ರಲ್ಲಿ ಕೆಂಪು, ಎನ್‌ನಲ್ಲಿ ಹಸಿರು, 13ರಲ್ಲಿ ನೀಲಿ, ಪಿಯಲ್ಲಿ ಸಿಂಕ್, 14ರಲ್ಲಿ ವಿಡಿಯೋ ಗ್ರೌಂಡ್. ಪ್ರತಿ ಗೆರೆ, ಪ್ರತಿ ಚಿತ್ರ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಸಿಂಕ್. ಅದಿಲ್ಲದಿದ್ದರೆ ಚಿತ್ರ ನಿಲ್ಲುವುದೇ ಇಲ್ಲ.

ಮಶೀನ್‌ನ ಮೂಲ ತಂತಿ ಕತ್ತರಿಸಲು ನನಗೆ ಮನಸ್ಸಾಗಲಿಲ್ಲ. ಅದಕ್ಕೆ ಜಾಮಾ ಎಕ್ಸ್‌ಟೆಂಡರ್ ತಂದೆ. ಬೋರ್ಡ್ ಮತ್ತು ಕನೆಕ್ಟರ್ ನಡುವೆ ಕೂರುವ ಸಣ್ಣ ತುಂಡು ಅದು. ಅದರಲ್ಲಿ ಮಾನಿಟರ್‌ಗೆ ಹೋಗುವ ಬಣ್ಣ, ಸಿಂಕ್ ಮತ್ತು ವಿಡಿಯೋ ಗ್ರೌಂಡ್‌ನ ಗೆರೆಗಳನ್ನು ಕಡಿದು, ಬೋರ್ಡ್ ಕಡೆಯಿಂದ ತಂತಿ ಬೆಸೆದು ಹೊರಗೆ ತಂದೆ. ಕನೆಕ್ಟರ್ ಹಾಕುವಾಗ 7ನೇ ಪಿನ್ ಜಾಗದಲ್ಲಿರುವ ಕೀ, ಅಂದರೆ ತಡೆ ತುಂಡು, ನೋಡಿಕೊಳ್ಳಿ. ತಿರುಗಿಸಿ ಹಾಕಿದರೆ ಬೋರ್ಡ್ ಸುಟ್ಟು ಹೋಗಬಹುದು.

ಮುಂಬಯಿಯ ಮಳೆಗಾಲ ಕಂಡ ಬೋರ್ಡ್ ಆದರೆ ಅಂಚಿನ ಪಿನ್‌ಗಳು ಕಪ್ಪಾಗಿರುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಪವರ್ ಸಪ್ಲೈ ಬೋರ್ಡ್‌ಗೆ 5 ವೋಲ್ಟ್ ಸರಿಯಾಗಿ ಕೊಡುತ್ತಿದೆಯೇ ಎಂದು ಮಲ್ಟಿಮೀಟರ್‌ನಲ್ಲಿ ನೋಡಿ. 5.25 ದಾಟಬಾರದು.

ನಡುವೆ ಒಂದು ದುಭಾಷಿ

ಈ ಐದು ತಂತಿಯನ್ನು ನೇರ ಕ್ಯಾಪ್ಚರ್ ಕಾರ್ಡ್‌ಗೆ (ಚಿತ್ರವನ್ನು ಕಂಪ್ಯೂಟರ್ ಒಳಗೆ ತರುವ ಸಾಧನ) ಕೊಟ್ಟರೆ ಏನೂ ಕಾಣುವುದಿಲ್ಲ. ಕಾರಣ ಎರಡು. ಬೋರ್ಡ್ ಸೆಕೆಂಡಿಗೆ ಸುಮಾರು 15,700 ಗೆರೆ ಬರೆಯುತ್ತದೆ, ಹಳೆಯ ಟಿವಿಯ ಹಾಗೆ. ಕಂಪ್ಯೂಟರ್ ಮಾನಿಟರ್‌ಗಳ ಹಳೆಯ ಸಂಪರ್ಕವಾದ ವಿಜಿಎ ಕಡಿಮೆಯೆಂದರೂ 31,500 ಕೇಳುತ್ತದೆ. ಎರಡನೆಯದು ವೋಲ್ಟೇಜ್. ಮನೆಯ ಉಪಕರಣಗಳಿಗೆ ಒಂದೊಂದು ಬಣ್ಣಕ್ಕೆ 0.7 ವೋಲ್ಟ್ ಸಾಕು. ಜಾಮಾ ಬೋರ್ಡ್ 3 ವೋಲ್ಟ್‌ಗೂ ಮೇಲೆ ಕೊಡಬಹುದು. ಸಿಂಕ್ ಇನ್ನೂ ಜೋರು, 5 ವೋಲ್ಟ್ ತನಕ.

ಅಗ್ಗದ ದಾರಿ ಜಿಬಿಎಸ್-8200 ಎಂಬ ಬೋರ್ಡ್. ಆರ್ಕೇಡ್‌ನ ತಂತಿಗಳನ್ನು ತೆಗೆದುಕೊಂಡು ವಿಜಿಎ ಕೊಡುತ್ತದೆ. ಬಣ್ಣ ಹೆಚ್ಚು ಕಡಿಮೆ ಮಾಡಲು ಮೂರು ಪುಟ್ಟ ತಿರುಪುಗಳಿವೆ. ಆದರೆ ಚಿತ್ರ ಸ್ವಲ್ಪ ಮಂಜು. ಹಳೆಯ ಟಿವಿಯಲ್ಲಿ ಒಂದು ಚಿತ್ರ ಎರಡು ಅರ್ಧವಾಗಿ ಬರುತ್ತಿತ್ತು; ಆಟದ ಪೂರ್ಣ ಚಿತ್ರವನ್ನೂ ಅದು ಅಂಥ ಅರ್ಧ ಚಿತ್ರ ಎಂದು ತಿಳಿದು ಹೊಲಿಯುತ್ತದೆ. ಇದಕ್ಕೆ ಜಿಬಿಎಸ್-ಕಂಟ್ರೋಲ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಒಂದು ಚಿಕ್ಕ ವೈ-ಫೈ ಚಿಪ್ ಜೋಡಿಸಿ ಅದನ್ನು ಹಾಕಿದರೆ ಇದೇ ಬೋರ್ಡ್ ಬಹಳ ಸುಧಾರಿಸುತ್ತದೆ.

ಜಾಸ್ತಿ ಖರ್ಚು ಮಾಡಬಲ್ಲವರಿಗೆ ಒಎಸ್‌ಎಸ್‌ಸಿ ಎಂಬ ಪರಿವರ್ತಕ ಒಳ್ಳೆಯದು. ಚಿತ್ರವನ್ನು ಹಿಡಿದಿಟ್ಟುಕೊಳ್ಳದೆ ಪ್ರತಿ ಗೆರೆಯನ್ನು ಎರಡು ಮೂರು ಬಾರಿ ಬರೆದು ಇಂದಿನ ಟಿವಿಗಳ ಎಚ್‌ಡಿಎಂಐ ತಂತಿಗೆ ಕೊಡುತ್ತದೆ. ಆದ್ದರಿಂದ ತಡವೇ ಆಗುವುದಿಲ್ಲ. ಆದರೆ ಅದರ ಮುಂದೆ ವೋಲ್ಟೇಜ್ ಇಳಿಸುವ ರೆಸಿಸ್ಟರ್‌ಗಳು ಬೇಕೇ ಬೇಕು. ಸಿಂಕ್ ತಂತಿಗೆ ಸಾಮಾನ್ಯವಾಗಿ 470 ಓಮ್ ಹಾಕುತ್ತಾರೆ.

ರೆಸಿಸ್ಟರ್, ತಂತಿ, ವಿಜಿಎ ಸಾಕೆಟ್‌ಗಳಿಗೆ ಗ್ರ್ಯಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡ್‌ಗೆ ನಡೆಯಿರಿ. ಪುಣೆಯವರಿಗೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿ ಇದೆ.

ಸದ್ದಿನ ವಿಷಯ

ಇಲ್ಲಿ ನಾನು ತಪ್ಪು ಮಾಡಿದೆ. ಜಾಮಾದ 10 ಮತ್ತು ಎಲ್ ಪಿನ್‌ಗಳಲ್ಲಿ ಬರುವುದು ಆಂಪ್ಲಿಫೈಯರ್ ದಾಟಿದ ಸದ್ದು, ನೇರ ಸ್ಪೀಕರ್‌ಗೆ. ಅದನ್ನು ಲ್ಯಾಪ್‌ಟಾಪ್‌ನ ಮೈಕ್ ಜಾಗಕ್ಕೆ ಕೊಟ್ಟೆ. ಮೈಕ್ ಪೋರ್ಟ್ ಸತ್ತು ಹೋಯಿತು. ಇನ್ನೊಂದು ಅಪಾಯವೂ ಇದೆ: ಕೆಲವು ಬೋರ್ಡ್‌ಗಳಲ್ಲಿ ಸ್ಪೀಕರ್‌ನ ಮೈನಸ್ ತಂತಿ ಗ್ರೌಂಡ್ ಅಲ್ಲ. ಅದನ್ನು ಗ್ರೌಂಡ್‌ಗೆ ಸೇರಿಸಿದರೆ ಬೋರ್ಡ್‌ನ ಆಂಪ್ಲಿಫೈಯರ್ ಸುಡಬಹುದು. ಸ್ಪೀಕರ್‌ನ ಜೋರು ಸದ್ದನ್ನು ಇಳಿಸುವ, ಕಾರ್ ಸ್ಟೀರಿಯೋ ಅಂಗಡಿಯಲ್ಲಿ ಸಿಗುವ ಹೈ-ಲೋ ಕನ್ವರ್ಟರ್ ತನ್ನಿ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವಂಥದ್ದನ್ನೇ ಕೇಳಿ. ಎರಡೂ ತೊಂದರೆ ತಪ್ಪುತ್ತವೆ.

ರೆಕಾರ್ಡಿಂಗ್

ಜಿಬಿಎಸ್ ದಾರಿಯಲ್ಲಿ ವಿಜಿಎ ಬಂದರೆ ಅದನ್ನು ಎಚ್‌ಡಿಎಂಐ ಮಾಡುವ ಕನ್ವರ್ಟರ್ ಬೇಕು. ಅಲ್ಲಿಂದ ಸ್ಪ್ಲಿಟರ್. ಒಂದು ತಂತಿ ಟಿವಿಗೆ, ಇನ್ನೊಂದು ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್‌ಗೆ. ಟಿವಿ ನೋಡಿಕೊಂಡು ಆಡಿ. ಕಂಪ್ಯೂಟರ್ ಪರದೆಯಲ್ಲಿ ಚಿತ್ರ ತಡವಾಗಿ ಬರುತ್ತದೆ, ಹೊಡೆತ ತಪ್ಪುತ್ತದೆ.

ಕಂಪ್ಯೂಟರ್‌ನಲ್ಲಿ ಒಬಿಎಸ್ ಸ್ಟುಡಿಯೋ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ಅಗ್ಗದ ಕ್ಯಾಪ್ಚರ್ ಕಾರ್ಡ್‌ಗಳ ಡಬ್ಬಿಯ ಮೇಲೆ 4ಕೆ ಅಂತ ಬರೆದಿರುತ್ತದೆ. ಅದು ಒಳಗೆ ತೆಗೆದುಕೊಳ್ಳುವ ಮಾತು. ಅವುಗಳಲ್ಲಿ ಬಹಳಷ್ಟು 1080 ಗೆರೆಯ ಗುಣಮಟ್ಟದಲ್ಲಿ ಸೆಕೆಂಡಿಗೆ 30 ಚಿತ್ರ ಮಾತ್ರ ಕೊಡುತ್ತವೆ, 720ರಲ್ಲಿ 60. ನೀವು 720 ಮತ್ತು 60 ಆರಿಸಿ.

60 ಯಾಕೆ ಬೇಕು? ಸ್ಟ್ರೀಟ್ ಫೈಟರ್ 2ರಲ್ಲಿ ಆಟಗಾರರ ಕಾಲ ಕೆಳಗಿನ ನೆರಳು ಒಂದು ಚಿತ್ರದಲ್ಲಿ ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ. ವೇಗವಾಗಿ ಮಿನುಗುವುದರಿಂದ ನಮ್ಮ ಕಣ್ಣಿಗೆ ತೆಳು ನೆರಳಿನ ಹಾಗೆ ಕಾಣುತ್ತದೆ. 30ರಲ್ಲಿ ರೆಕಾರ್ಡ್ ಮಾಡಿದರೆ ನೆರಳು ಪೂರ್ತಿ ಮಾಯವಾಗಬಹುದು, ಇಲ್ಲವೇ ಗಟ್ಟಿ ಕಪ್ಪಾಗಿ ನಿಲ್ಲಬಹುದು. ಎಷ್ಟು ಕಡಿಮೆ ಸಲಕರಣೆಯಲ್ಲಿ ಎಂಥ ಜಾಣ್ಮೆ! ಅದನ್ನು ಕಳೆದುಕೊಂಡರೆ ಆಟವನ್ನು ಉಳಿಸಿದ ಹಾಗಾಗುವುದಿಲ್ಲ.

ಆ ಆಟದ ಚಿತ್ರ 384ಕ್ಕೆ 224 ಚುಕ್ಕಿ. ಪರದೆಯಲ್ಲಿ ಮಾತ್ರ 4:3. ಆದ್ದರಿಂದ ಒಬಿಎಸ್‌ನಲ್ಲಿ 960ಕ್ಕೆ 720 ಮಾಡಿ, ಎರಡು ಬದಿ ಖಾಲಿ ಬಿಡಿ. ಅಗಲ ತುಂಬಿಸಲು ಎಳೆದರೆ ಎಲ್ಲರೂ ದಪ್ಪಗಾಗುತ್ತಾರೆ. ಪ್ಯಾಕ್-ಮ್ಯಾನ್‌ನಂಥ ನಿಂತ ಪರದೆಯ ಆಟವಾದರೆ 90 ಡಿಗ್ರಿ ತಿರುಗಿಸಿ.

ಫೈಲ್ ಎಂಕೆವಿ ಎಂಬ ವಿಡಿಯೋ ಫೈಲ್ ಬಗೆಯಲ್ಲೇ ಇರಲಿ. ನಡುವೆ ಕರೆಂಟ್ ಹೋದರೂ ಅಲ್ಲಿಯ ತನಕದ್ದು ಉಳಿಯುತ್ತದೆ. ಎಂಪಿ4ನಲ್ಲಿ ಪೂರ್ತಿ ಫೈಲೇ ಹಾಳಾಗಬಹುದು. ಬೇಕಿದ್ದರೆ ಆಮೇಲೆ ಒಬಿಎಸ್‌ನಲ್ಲೇ ಎಂಪಿ4 ಮಾಡಿಕೊಳ್ಳಬಹುದು.

ಆಟ ಮುಗಿದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸಬೇಡಿ. ಸುಮ್ನೆ ಬಿಡಿ. ಕಾಯಿನ್ ಹಾಕದೆ ಇದ್ದರೆ ಮಶೀನ್ ತನ್ನಷ್ಟಕ್ಕೆ ಡೆಮೊ ತೋರಿಸುತ್ತಾ ಹೈಸ್ಕೋರ್ ಪಟ್ಟಿಗೆ ಬರುತ್ತದೆ. ದೀಪಾವಳಿಯ ಆ ರಾತ್ರಿ ನಮ್ಮ ಪಟ್ಟಿಯಲ್ಲಿ ಮೊದಲ ಹೆಸರು ಎಸ್, ಎಚ್, ಇ ಇತ್ತು. ಬಂದ ನಾಲ್ವರಲ್ಲಿ ಒಬ್ಬರಾದ ಶೆಟ್ಟರು ಮೂರು ಅಕ್ಷರದಲ್ಲಿ ಹಿಡಿಸಿದ ತಮ್ಮ ಹೆಸರು. ಪಟ್ಟಿ ಎರಡು ಸಲ ಬಂದು ಹೋಗುವ ತನಕ ಕಾದೆವು. ಫೈಲ್ ತೆರೆದು ನೋಡಿ, ಬಂದಿದೆ ಎಂದು ಖಚಿತವಾದ ಮೇಲೆ ಮಾವ ಸ್ವಿಚ್ ಆರಿಸಿದರು.